ದ್ರಾಕ್ಷಿ ಶೆಡ್ಡಿನಲ್ಲಿ ಬ್ಲಾಕ್‌ಚೈನ್

ಹೋದ ತಿಂಗಳು ವಿಜಯಪುರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹ್ಯಾಕಥಾನ್, ಅಂದರೆ ಸಾಫ್ಟ್‌ವೇರ್ ಕಟ್ಟೋ ಸ್ಪರ್ಧೆ, ಇತ್ತು. ನನ್ನನ್ನ ಜಡ್ಜ್ ಅಂತ ಕರೆದಿದ್ದರು. ಎರಡು ದಿನ, ತಲೆ ಸುಡುವ ಬಿಸಿಲು, ಮಧ್ಯಾಹ್ನ ಜೋಳದ ರೊಟ್ಟಿ ಊಟ, ಪ್ರತಿ ತಂಡಕ್ಕೆ ಹತ್ತು ನಿಮಿಷ. ಬಂದ ತಂಡಗಳಲ್ಲಿ ಏಳು ತಂಡಕ್ಕೆ ಹೆಸರಲ್ಲೇ ಬ್ಲಾಕ್‌ಚೈನ್ ಇತ್ತು, ಅಂದರೆ ಬಹಳ ಕಂಪ್ಯೂಟರುಗಳಲ್ಲಿ ಒಂದೇ ಥರ ಇರೋ, ಒಮ್ಮೆ ಬರೆದದ್ದನ್ನ ಸುಲಭಕ್ಕೆ ತಿದ್ದೋಕೆ ಬಾರದ ಲೆಕ್ಕದ ಪುಸ್ತಕ. ಮಾರ್ಕ್ಸ್ ಕಾರ್ಡಿಗೆ ಬ್ಲಾಕ್‌ಚೈನ್, ರಕ್ತದಾನಕ್ಕೆ ಬ್ಲಾಕ್‌ಚೈನ್, ಹಾಸ್ಟೆಲ್ ಮೆಸ್ಸಿನ ಲೆಕ್ಕಕ್ಕೂ ಬ್ಲಾಕ್‌ಚೈನ್. (ಮೆಸ್ಸಿನದು ನನಗೆ ನಿಜಕ್ಕೂ ಹಿಡಿಸಿತು. ಆ ಹುಡುಗರಿಗೆ ಮೆಸ್ ಕಾಂಟ್ರಾಕ್ಟರ್ ಮೇಲಿದ್ದ ಸಿಟ್ಟು ನೂರಕ್ಕೆ ನೂರು ಅಸಲಿ.)

ಐದನೇ ತಂಡದ್ದು ಹೊಲದ ಉತಾರ (ಪಹಣಿ) ಬ್ಲಾಕ್‌ಚೈನ್ ಮೇಲೆ ಇಡೋ ಪ್ರಾಜೆಕ್ಟು. ಮೂರು ಜನ ಹುಡುಗಿಯರು, ಒಬ್ಬ ಹುಡುಗ. ಸ್ಲೈಡು ಚೆನ್ನಾಗಿದ್ದವು, ಡೆಮೊ ಕೂಡ ಕೈಕೊಡದೆ ಓಡಿತು. ನಾನು ಒಂದೇ ಪ್ರಶ್ನೆ ಕೇಳಿದೆ. "ಇದು ಯಾರ ಸಮಸ್ಯೆ? ನಿಮಗೆ ಗೊತ್ತಿರೋರು ಯಾರಾದರೂ ಒಬ್ಬರನ್ನ ಹೇಳಿ."

ನಾಲ್ಕೂ ಜನ ಮುಖ ಮುಖ ನೋಡಿಕೊಂಡರು. ಆಮೇಲೆ ಕೊನೆಗೆ ನಿಂತಿದ್ದ ಹುಡುಗಿ ಬಾಯಿಬಿಟ್ಟಳು. "ಖರೇ ಹೇಳ್ಲೇನ್ರಿ ಸರ್? ಫಸ್ಟ್ ಬ್ಲಾಕ್‌ಚೈನ್ ಮಾಡೋದು ಅಂತ ಫಿಕ್ಸ್ ಮಾಡಿದ್ವಿ. ಪ್ರಾಬ್ಲಂ ಆಮ್ಯಾಲೆ ಹುಡುಕಿದ್ವಿ."

ಪಕ್ಕದ ಜಡ್ಜ್ ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಯೋ ಈ ಕೆಲಸವನ್ನ ನಾನು 2019ರಲ್ಲೇ ಮಾಡಿ ಮುಗಿಸಿದ್ದೆ, ಮತ್ತು ಈ ಹುಡುಗಿಯಷ್ಟು ಸಲೀಸಾಗಿ ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ.

ಆಗ ನಾನು ಪುಣೆಯಲ್ಲಿದ್ದೆ. ಹಗಲೆಲ್ಲ ಒಂದು ಬಿಲ್ಲಿಂಗ್ ಸಾಫ್ಟ್‌ವೇರಿಗೆ ತೇಪೆ ಹಾಕೋ ಕೆಲಸ. ರಾತ್ರಿ ರೂಮಿಗೆ ಬಂದು ಸಾಲಿಡಿಟಿ ಕಲಿಯುತ್ತಿದ್ದೆ, ಎಥೀರಿಯಂ ಅನ್ನೋ ಬ್ಲಾಕ್‌ಚೈನ್ ಮೇಲೆ ಪ್ರೋಗ್ರಾಂ ಬರೆಯುವ ಭಾಷೆ ಅದು. ಆ ಪ್ರೋಗ್ರಾಮಿಗೆ ಸ್ಮಾರ್ಟ್ ಕಾಂಟ್ರಾಕ್ಟ್ ಅಂತಾರೆ. ನನ್ನ ಮೊದಲ ಕಾಂಟ್ರಾಕ್ಟ್ ಟೆಸ್ಟ್ ನೆಟ್‌ವರ್ಕಿನಲ್ಲಿ ಓಡಿದ ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕು ಸಾಲಿನ ಕೋಡು, ಆದರೆ ಅದನ್ನ ಇನ್ನು ನಾನೂ ಬದಲಿಸೋಕೆ ಆಗಲ್ಲ ಅನ್ನೋದು ಆಗ ಏನೋ ಪವಾಡದ ಥರ ಕಂಡಿತ್ತು. ಈಗ ಇದನ್ನ ಎಲ್ಲಾದರೂ ಹಚ್ಚಬೇಕಲ್ಲ? ಊರು ನೆನಪಾಯಿತು, ಊರಲ್ಲಿ ಕಾಕಾನ ಒಣದ್ರಾಕ್ಷಿ ನೆನಪಾಯಿತು.

ತಿಕೋಟಾ ಕಡೆ ಬಂದು ನೋಡಿದವರಿಗೆ ಗೊತ್ತು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ದ್ರಾಕ್ಷಿ ಬಿಟ್ಟು ಬೇರೆ ಮಾತಿಲ್ಲ. ಕಾಕಾನದು ಮೂರು ಎಕರೆ ದ್ರಾಕ್ಷಿ ಪಡ (ತೋಟ), ಪಕ್ಕದಲ್ಲೇ ಶೆಡ್ಡು. ಕಬ್ಬಿಣದ ಕಂಬ, ಒಂದರ ಮೇಲೊಂದು ಬಲೆಯ ರ‍್ಯಾಕು, ಸುತ್ತ ಹಸಿರು ನೆಟ್ಟು. ಕೊಯ್ದ ಗೊನೆಗಳನ್ನ ಕ್ರೇಟಿನ ಸಮೇತ ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದಿ ತೆಗೆದು ರ‍್ಯಾಕಿನ ಮೇಲೆ ಹರಡುತ್ತಾರೆ. ಸಿಪ್ಪೆ ಮೇಲಿನ ಮೇಣ ಸಡಿಲಾಗಿ ನೀರು ಬೇಗ ಹೋಗಲಿ ಅಂತ. ಹದಿನೈದು ದಿನದ ಸುಮಾರಿಗೆ ಒಣಗುತ್ತೆ. ಹತ್ತಿರ ಹತ್ತಿರ ನಾಲ್ಕು ಕೆಜಿ ಹಸಿ ದ್ರಾಕ್ಷಿಗೆ ಒಂದು ಕೆಜಿ ಒಣದ್ರಾಕ್ಷಿ. ನಡುವೆ ಒಂದು ಅಡ್ಡಮಳೆ ಬಿತ್ತೋ, ಬಣ್ಣ ಹೋಯಿತು, ರೇಟೂ ಹೋಯಿತು.

ಯುಗಾದಿಗೆ ಊರಿಗೆ ಹೋದಾಗ ಆ್ಯಪ್ ತಯಾರಿತ್ತು. ಹದಿನೈದು ಕೆಜಿ ಬಾಕ್ಸಿಗೆ ಒಂದೊಂದು ಕ್ಯೂಆರ್ ಕೋಡು. ಯಾವ ಪ್ಲಾಟು, ಔಷಧ ಹೊಡೆದದ್ದು ಯಾವತ್ತು, ಅದ್ದಿದ್ದು ಯಾವತ್ತು, ಕೋಲ್ಡ್ ಸ್ಟೋರೇಜಿಗೆ ಹೋದದ್ದು ಯಾವತ್ತು, ಎಲ್ಲಾ ಬ್ಲಾಕ್‌ಚೈನ್ ಮೇಲೆ. ಪುಣೆಯಲ್ಲಿ ಒಬ್ಬರು ಪೊಟ್ಟಣ ಸ್ಕ್ಯಾನ್ ಮಾಡಿದರೆ ಕಾಕಾನ ತೋಟ ಕಾಣಬೇಕು. ಶೆಡ್ಡಿನ ನೆರಳಲ್ಲಿ ಚಾಪೆ ಮೇಲೆ ಕೂತು ತೋರಿಸಿದೆ. ಕಾಕು ಚಹಾ ತಂದರು, ಅವರೂ ಕೂತರು.

ಕಾಕಾ ಕನ್ನಡಕ ಹಾಕಿಕೊಂಡು ಫೋನನ್ನ ದೂರ ಹಿಡಿದು ನೋಡಿದರು.

"ಔಷಧ ಹೊಡೆದ ತಾರೀಖು ಇದರಾಗ ಯಾರು ಬರಿಯಾವ್ರು?"

"ನೀವ ಬರೀಬೇಕ್ರಿ ಕಾಕಾ."

"ನಾ ಸುಳ್ಳ ಬರದ್ರ?"

"ಒಮ್ಮೆ ಬರದ ಮ್ಯಾಲ ಅದನ್ನ ಯಾರಿಗೂ ತಿದ್ದಾಕ ಬರಂಗಿಲ್ರಿ."

"ಅಂದ್ರ ನನ್ನ ಸುಳ್ಳು ಗಟ್ಟಿ ಆತು ಅಂದಂಗಾತು."

ಕಾಕು ನಕ್ಕಿದ್ದು ಪಕ್ಕದ ತೋಟಕ್ಕೂ ಕೇಳಿಸಿರಬೇಕು.

ಈ ತೊಡಕಿಗೆ ಬ್ಲಾಕ್‌ಚೈನ್ ಮಂದಿ ಒರಾಕಲ್ ಪ್ರಾಬ್ಲಂ ಅಂತ ಹೆಸರಿಟ್ಟಿದ್ದಾರೆ, ದೊಡ್ಡ ದೊಡ್ಡ ಲೇಖನ ಬರೆದಿದ್ದಾರೆ. ಕಾಕಾಗೆ ಎರಡು ನಿಮಿಷ ಸಾಕಾಯಿತು. ಬಿಟ್‌ಕಾಯಿನ್ ಅನ್ನೋ ಡಿಜಿಟಲ್ ದುಡ್ಡು ಇರೋದೇ ಬ್ಲಾಕ್‌ಚೈನಿನ ಲೆಡ್ಜರಿನೊಳಗೆ, ಅಂದರೆ ಆ ಲೆಕ್ಕದ ಪುಸ್ತಕದೊಳಗೆ, ಹೊರಗೆ ಅದು ಇಲ್ಲವೇ ಇಲ್ಲ. ಹಾಗಾಗಿ ಲೆಡ್ಜರ್ ಸರಿ ಇದ್ದರೆ ಎಲ್ಲಾ ಸರಿ. ಆದರೆ ದ್ರಾಕ್ಷಿ ಇರೋದು ಬಾಕ್ಸಿನಲ್ಲಿ. ಕೋಡು ಅಂಟಿಸಿದ ಬಾಕ್ಸಿನೊಳಗೆ ಬೇರೆ ತೋಟದ ಮಾಲು ತುಂಬಿದರೆ ಲೆಡ್ಜರಿಗೆ ಏನು ಗೊತ್ತಾಗುತ್ತೆ? ಕೈಮಗ್ಗದ ಇಳಕಲ್ ಸೀರೆಗೂ ಇದೇ ಥರದ ಕ್ಯೂಆರ್ ಚೀಟಿಯ ಐಡಿಯಾ ಆಮೇಲೆ ಒಬ್ಬ ಗೆಳೆಯ ಹೇಳಿದ. ಪವರ್‌ಲೂಮ್ ಸೀರೆಗೆ ಆ ಚೀಟಿ ಹೊಲಿಯೋಕೆ ಎಷ್ಟು ಹೊತ್ತು ಬೇಕು ಅಂತ ಕೇಳಿದೆ, ಅವನ ಹತ್ತಿರ ಉತ್ತರ ಇರಲಿಲ್ಲ. ಸೆರಗು ಮೈಗೆ ಕೂಡೋ ಜಾಗದಲ್ಲಿ ತೋಪು ತೆನಿ (ಕುಣಿಕೆಯ ಜೋಡಣೆ) ಹಾಕಿದ್ದನ್ನ ಮುಟ್ಟಿ ನೋಡೋ ಅಜ್ಜಿಯ ಬೆರಳು ಇದಕ್ಕಿಂತ ಎಷ್ಟೋ ವಾಸಿ.

ಅವತ್ತು ಮಾತು ಅಲ್ಲಿಗೇ ನಿಲ್ಲಲಿಲ್ಲ. ಕಾಕಾ ಒಳಗೆ ಹೋಗಿ ಟ್ರಂಕಿನಿಂದ ಕೆಂಪು ರಟ್ಟಿನ ನೋಟ್‌ಬುಕ್ ತಂದರು. ಅದರೊಳಗೆ ಕಾಂಟಾ (ತೂಕದ) ಚೀಟಿ, ಮಾರಾಟದ ಪಟ್ಟಿ ಎಲ್ಲಾ ಟಾಚಣಿ ಚುಚ್ಚಿ ಇಟ್ಟಿದ್ದರು. ತೂಕ ಎಷ್ಟು, ತೂಕದಲ್ಲಿ ಸೂಟು ಅಂತ ಎಷ್ಟು ಕಡಿದರು, ರೇಟು ಎಷ್ಟು, ಕೊನೆಗೆ ಬರಬೇಕಾದದ್ದು ಎಷ್ಟು. ಒಂದು ಪುಟಕ್ಕೆ ಬೆರಳಿಟ್ಟರು. ಒಬ್ಬ ವ್ಯಾಪಾರಿ ಇಪ್ಪತ್ತು ದಿನ ಅಂತ ಹೇಳಿ ಮಾಲು ಒಯ್ದಿದ್ದ, ಹೋದ ಸೀಸನ್ನಿನ ಬಾಕಿ ಇನ್ನೂ ಬಂದಿರಲಿಲ್ಲ.

"ನೋಡು, ಇದು ಅವನ ಕೈ ಅಕ್ಷರ. ಅವನ ಸಹಿ. ಇದನ್ನ ಯಾರೂ ತಿದ್ದಿಲ್ಲ. ಕೊಡಬೇಕು ಅಂತ ಅವಗೂ ಗೊತ್ತು, ನನಗೂ ಗೊತ್ತು. ಬರೂದು ರೊಕ್ಕ ಅಷ್ಟ ಬಾಕಿ."

ನನ್ನ ಆ್ಯಪ್ ಇದ್ದಿದ್ದರೆ ಏನಾಗುತ್ತಿತ್ತು? ಆ ವ್ಯಾಪಾರಿ ರೊಕ್ಕ ಕೊಟ್ಟಿಲ್ಲ ಅನ್ನೋದು ಜಗತ್ತಿನ ಸಾವಿರಾರು ಕಂಪ್ಯೂಟರಿಗೂ ಗೊತ್ತಾಗುತ್ತಿತ್ತು. ರೊಕ್ಕ ಬರುತ್ತಿರಲಿಲ್ಲ.

ನಾನೂ ಸುಲಭಕ್ಕೆ ಬಿಡೋ ಆಸಾಮಿ ಅಲ್ಲ. ಸ್ಮಾರ್ಟ್ ಕಾಂಟ್ರಾಕ್ಟ್ ಇದೆ, ವ್ಯಾಪಾರಿ ಮೊದಲೇ ದುಡ್ಡು ಅದರಲ್ಲಿ ಇಡಬೇಕು, ಮಾಲು ಮುಟ್ಟಿದ ಕೂಡಲೇ ತಾನೇ ನಿಮ್ಮ ಖಾತೆಗೆ ಬರುತ್ತೆ ಅಂದೆ. ಕಾಕಾ ಚಹಾ ಕಪ್ಪು ಕೆಳಗಿಟ್ಟು ಹೇಳಿದರು, "ಮೊದಲ ರೊಕ್ಕ ಇಡೋ ವ್ಯಾಪಾರಿ ಸಿಕ್ಕರ ನನಗ ನಿನ್ನ ಆ್ಯಪ್ ಯಾಕ ಬೇಕೋ ತಮ್ಮಾ?"

ಅಲ್ಲಿಗೆ ನನ್ನ ಡೆಮೊ ಮುಗಿಯಿತು. ಆಮೇಲೆ ಎರಡು ದಿನ ಕಾಕಾನ ಜೊತೆ ಪೇಟೆ ಸುತ್ತಿದಾಗ ಅರ್ಥ ಆಯಿತು, ಆ ವ್ಯಾಪಾರಿ ಕೂಡ ಮುಂದಿನವರಿಗೆ ಉದ್ರಿ ಕೊಟ್ಟು ಕೂತಿದ್ದ. ಅವರು ಇನ್ನೊಬ್ಬರಿಗೆ. ಆ ಸರಪಳಿಯಲ್ಲಿ ಕೊರತೆ ಇದ್ದದ್ದು ಕೈಯಲ್ಲಿ ಓಡೋ ದುಡ್ಡಿನದು, ನಂಬಿಕೆಯ ದಾಖಲೆಯದಲ್ಲ. ಮೊದಲ ದಿನವೇ ಲ್ಯಾಪ್‌ಟಾಪ್ ಮುಚ್ಚಿಟ್ಟು ಆ ನೋಟ್‌ಬುಕ್ ಕೇಳಿದ್ದರೆ ಮೂರು ತಿಂಗಳ ರಾತ್ರಿ ನಿದ್ದೆ ಉಳಿಯುತ್ತಿತ್ತು.

ಹಾಗಂತ ಬ್ಲಾಕ್‌ಚೈನ್ ಅನ್ನೋದೇ ಸಮಸ್ಯೆ ಇಲ್ಲದೆ ಹುಟ್ಟಿದ್ದು ಅಂದರೆ ಅದು ತಪ್ಪು. ಹುಟ್ಟಿದ್ದು ಸಮಸ್ಯೆಯಿಂದಲೇ. 1991ರಲ್ಲಿ ಅಮೆರಿಕದಲ್ಲಿ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೊರ್ನೆಟ್ಟಾ ಅನ್ನೋರು ಕೇಳಿದ ಪ್ರಶ್ನೆ ಬಹಳ ಸರಳ: ಕಂಪ್ಯೂಟರಿನಲ್ಲಿರೋ ಒಂದು ಕಾಗದ ಇಂಥ ದಿನವೇ ಇತ್ತು, ಆಮೇಲೆ ಯಾರೂ ಹಿಂದಿನ ತಾರೀಖು ಹಾಕಿ ತಿದ್ದಿಲ್ಲ ಅಂತ ಹೇಗೆ ಸಾಬೀತು ಮಾಡೋದು? ಪ್ರತಿ ಕಾಗದದ ಒಂದು ಬೆರಳಚ್ಚು (ಆ ಕಾಗದದ ಗುರುತಿನ ಸಂಖ್ಯೆ) ತೆಗೆದು, ಅದಕ್ಕೆ ಹಿಂದಿನದರ ಬೆರಳಚ್ಚು ಪೋಣಿಸಿ, ಸರ ಮಾಡಿದರು. 1995ರಿಂದ ಅವರ ಕಂಪನಿ ಆ ಸರದ ಒಂದು ಸಂಖ್ಯೆಯನ್ನ ವಾರಕ್ಕೊಮ್ಮೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತಿನ ಕಾಲಂನಲ್ಲಿ ಹಾಕಿಸುತ್ತಿತ್ತು. ಊರ ತುಂಬ ಹಂಚಿಹೋದ ಪತ್ರಿಕೆಯನ್ನ ಯಾರು ತಿದ್ದೋಕೆ ಆಗುತ್ತೆ? ಕಾಯಿನ್ ಇಲ್ಲ, ಟೋಕನ್ ಇಲ್ಲ, ಬರೀ ಪೇಪರ್. ನನಗಂತೂ ಈ ಇಡೀ ಕಥೆಯಲ್ಲಿ ಜಾಸ್ತಿ ಇಷ್ಟವಾದ ಭಾಗ ಇದು.

2008ರ ಅಕ್ಟೋಬರ್ 31ಕ್ಕೆ ಸತೋಶಿ ನಕಮೋಟೋ ಅನ್ನೋ ಹೆಸರಲ್ಲಿ ಬಂದ ಒಂಬತ್ತು ಪುಟದ ಬಿಟ್‌ಕಾಯಿನ್ ಪ್ರಬಂಧದಲ್ಲಿ ಎಂಟು ಉಲ್ಲೇಖ ಇವೆ, ಅದರಲ್ಲಿ ಮೂರು ಇವರಿಬ್ಬರ ಕೆಲಸದವು. ಸತೋಶಿಯ ಸಮಸ್ಯೆ ಇನ್ನೊಂದು: ನಡುವೆ ಬ್ಯಾಂಕ್ ಇಲ್ಲದೆ ಡಿಜಿಟಲ್ ದುಡ್ಡು ಕಳಿಸಿದರೆ, ಅದೇ ದುಡ್ಡನ್ನ ಇನ್ನೊಬ್ಬರಿಗೂ ಕಳಿಸದ ಹಾಗೆ ತಡೆಯೋದು ಹೇಗೆ? 2009ರ ಜನವರಿ 3ರ ಮೊದಲ ಬ್ಲಾಕಿನೊಳಗೆ ಬ್ರಿಟನ್ ಸರ್ಕಾರ ಬ್ಯಾಂಕುಗಳನ್ನ ಎರಡನೇ ಸಲ ಉಳಿಸೋಕೆ ಹೊರಟಿದೆ ಅನ್ನೋ ಅವತ್ತಿನ ಪತ್ರಿಕೆಯ ತಲೆಬರಹ ಇದೆ. ಯಾವ ಸಿಟ್ಟಿನಿಂದ ಬರೆದದ್ದು ಅಂತ ಬಿಡಿಸಿ ಹೇಳಬೇಕಿಲ್ಲ.

ಒಂದೇ ದುಡ್ಡನ್ನ ಎರಡು ಸಲ ಖರ್ಚು ಮಾಡೋದು ಅಂದ ಕೂಡಲೇ ನನಗೆ ನಮ್ಮ ಕಡೆಯ ಕೋಲ್ಡ್ ಸ್ಟೋರೇಜಿನ ರಸೀದಿ ನೆನಪಾಗುತ್ತೆ. ರೇಟು ಏರೋವರೆಗೆ ಮಾಲು ಅಲ್ಲಿ ಇಡುತ್ತಾರೆ, ಕೊಟ್ಟ ರಸೀದಿ ಮೇಲೆ ಸಾಲ ತೆಗೆಯುತ್ತಾರೆ. ಅದೇ ಬಾಕ್ಸಿನ ಮೇಲೆ ಎರಡು ಕಡೆ ಸಾಲ ಎತ್ತಿದರೆ? ಸತೋಶಿ ಹೇಳಿದ ತೊಂದರೆ ಇದೇ ಅಲ್ವಾ, ಒಣದ್ರಾಕ್ಷಿ ರೂಪದಲ್ಲಿ. ಆದರೆ ಇದಕ್ಕೆ ನಮ್ಮಲ್ಲಿ ಸಿಕ್ಕ ಉತ್ತರ ಬೇರೆ. 2007ರ ಗೋದಾಮು ಕಾಯ್ದೆ ಬಂತು, ಅದರ ಕೆಳಗೆ ಒಂದು ಪ್ರಾಧಿಕಾರ ಬಂತು, 2017ರಲ್ಲಿ ನೋಂದಾಯಿತ ಗೋದಾಮುಗಳಿಗೆ ಎಲೆಕ್ಟ್ರಾನಿಕ್ ರಸೀದಿ ಶುರುವಾಯಿತು. ಷೇರುಗಳನ್ನ ಡಿಮ್ಯಾಟ್ ಖಾತೆಯಲ್ಲಿ ಇಟ್ಟ ಹಾಗೆ ರಸೀದಿಯನ್ನ ರೆಪಾಸಿಟರಿಯಲ್ಲಿ ಇಡುತ್ತಾರೆ. ಒಂದು ಬ್ಯಾಂಕು ಅಡ ಹಿಡಿದರೆ ಇನ್ನೊಂದು ಬ್ಯಾಂಕಿಗೆ ಅದು ಅಲ್ಲೇ ಕಾಣುತ್ತೆ. ಮಾಮೂಲಿ ಡೇಟಾಬೇಸಿನಲ್ಲಿ ಆಗೋ ಕೆಲಸ, ಯಾಕಂದ್ರೆ ಇಲ್ಲಿ ನಡುವೆ ಒಬ್ಬರು ಇರೋದಕ್ಕೆ ಯಾರ ತಕರಾರೂ ಇಲ್ಲ. ಬ್ಲಾಕ್‌ಚೈನ್ ಬೇಕಾಗೋದು ನಡುವೆ ಯಾರೂ ಇರಬಾರದು, ಆದರೂ ಪರಿಚಯ ಇಲ್ಲದ ಜನ ಒಂದೇ ಲೆಕ್ಕ ಒಪ್ಪಬೇಕು ಅನ್ನೋ ಕಡೆ. ಅಂಥ ಜಾಗ ಇವೆ, ಆದರೆ ಹ್ಯಾಕಥಾನಿನ ಪೋಸ್ಟರುಗಳಲ್ಲಿ ಕಾಣೋವಷ್ಟು ಇಲ್ಲ.

ಇದು ನಮ್ಮಂಥ ಸಣ್ಣವರ ಪೆದ್ದುತನ ಮಾತ್ರ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಷೇರುಪೇಟೆ ಷೇರು, ದುಡ್ಡು ಕೈಬದಲಾಯಿಸೋ ತನ್ನ ಹಳೇ ಸೆಟಲ್‌ಮೆಂಟ್ ವ್ಯವಸ್ಥೆ ತೆಗೆದು ಇದೇ ಜಾತಿಯ ತಂತ್ರಜ್ಞಾನ ಹಾಕ್ತೀವಿ ಅಂತ 2017ರಲ್ಲಿ ಘೋಷಿಸಿತು. 2022ರ ನವೆಂಬರಿನಲ್ಲಿ ಕೈಬಿಟ್ಟಿತು, ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರ್ ನಷ್ಟ ಬರೆದುಕೊಂಡಿತು. ಅಲ್ಲಿ ಎಲ್ಲರೂ ಒಪ್ಪಿಕೊಂಡ ನಡುವಿನವರು ಅಂದರೆ ಆ ಷೇರುಪೇಟೆಯೇ! ಅದೇ ತಿಂಗಳು ಮರ್ಸ್ಕ್ ಅನ್ನೋ ಹಡಗು ಕಂಪನಿ ಮತ್ತು ಐಬಿಎಂ ಸೇರಿ ನಡೆಸುತ್ತಿದ್ದ ಟ್ರೇಡ್‌ಲೆನ್ಸ್ ಅನ್ನೋ ಬ್ಲಾಕ್‌ಚೈನ್ ವ್ಯವಸ್ಥೆ ಕೂಡ ಬಾಗಿಲು ಹಾಕೋ ಸುದ್ದಿ ಬಂತು. ಹಡಗಿನ ಸರಕಿನ ಕಾಗದಪತ್ರ ಒಂದೇ ಕಡೆ ಸಿಗಲಿ ಅನ್ನೋದು ನಿಜವಾದ ತಲೆನೋವೇ, ಇಲ್ಲ ಅನ್ನಲ್ಲ. ಆದರೆ ಇಡೀ ಉದ್ಯಮ ಒಟ್ಟಿಗೆ ಬರಲಿಲ್ಲ ಅಂತ ಅವರೇ ಹೇಳಿದರು. ಎದುರಾಳಿ ಹಡಗು ಕಂಪನಿ ಕಟ್ಟಿದ ಮನೆಗೆ ಹೋಗಿ ನಮ್ಮ ಲೆಕ್ಕ ಇಡು ಅಂದರೆ ಯಾರು ಇಟ್ಟಾರು? ಅದು ಕೋಡಿನಿಂದ ಬಗೆಹರಿಯೋ ಮಾತಲ್ಲ.

ಇನ್ನು 2017ರ ಡಿಸೆಂಬರಿನಲ್ಲಿ ಅಮೆರಿಕದ ಒಂದು ಐಸ್ ಟೀ ಕಂಪನಿ ಹೆಸರಲ್ಲಿದ್ದ ಟೀ ತೆಗೆದು ಲಾಂಗ್ ಬ್ಲಾಕ್‌ಚೈನ್ ಅಂತ ಇಟ್ಟುಕೊಂಡಿತು. ಒಂದೇ ದಿನದಲ್ಲಿ ಷೇರು ಸುಮಾರು ಮೂರು ಪಟ್ಟು ಏರಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ವಾಲ್‌ಸ್ಟ್ರೀಟಿನಲ್ಲೂ ಇದ್ದಾರೆ. ಮರುವರ್ಷ ನ್ಯಾಸ್ಡ್ಯಾಕ್ ಷೇರುಪೇಟೆ ಅದನ್ನ ಪಟ್ಟಿಯಿಂದ ತೆಗೆಯಿತು.

ಈಗ ನನ್ನ ಗುಟ್ಟು ಹೇಳಬೇಕು. ಆ ಒಣದ್ರಾಕ್ಷಿ ಆ್ಯಪಿನಿಂದ ಕಾಕಾಗೆ ಒಂದು ರೂಪಾಯಿ ಬರಲಿಲ್ಲ. ಆದರೆ ಮೂರು ತಿಂಗಳ ನಂತರ ಅದೇ ಆ್ಯಪನ್ನ ರೆಸ್ಯುಮೆಯಲ್ಲಿ ಹಾಕಿದೆ. 'ರೈತರಿಗಾಗಿ ಬ್ಲಾಕ್‌ಚೈನ್ ಆಧಾರಿತ ಪರಿಹಾರ'. ಇಂಟರ್‌ವ್ಯೂನಲ್ಲಿ ಇಬ್ಬರು ಅರ್ಧ ಗಂಟೆ ಅದರ ಬಗ್ಗೆಯೇ ಕೇಳಿದರು, ರೈತ ಅದನ್ನ ಬಳಸಿದನಾ ಅಂತ ಮಾತ್ರ ಯಾರೂ ಕೇಳಲಿಲ್ಲ. ಕೆಲಸ ಸಿಕ್ಕಿತು, ಸಂಬಳ ಏರಿತು, ಬಿಲ್ಲಿಂಗ್ ಸಾಫ್ಟ್‌ವೇರ್ ಕಾಟ ತಪ್ಪಿತು.

ಅಂದರೆ ಆ ಆ್ಯಪ್ ಒಂದು ನಿಜವಾದ ಸಮಸ್ಯೆಯನ್ನ ಬಗೆಹರಿಸಿಯೇ ಬಿಟ್ಟಿತ್ತು. ನನ್ನದನ್ನ.

ಬ್ಲಾಕ್‌ಚೈನ್ ಡೆವಲಪರುಗಳು ಸಮಸ್ಯೆಯಿಂದ ಶುರು ಮಾಡ್ತಾರಾ, ತಂತ್ರಜ್ಞಾನದಿಂದಲಾ ಅನ್ನೋ ಜಗಳ ನಮ್ಮ ಗುಂಪುಗಳಲ್ಲಿ ಆಗಾಗ ಏಳುತ್ತೆ. ನನಗೆ ಕಂಡಂತೆ ಎಲ್ಲರೂ ಸಮಸ್ಯೆಯಿಂದಲೇ ಶುರು ಮಾಡ್ತಾರೆ, ಆದರೆ ಸ್ವಂತ ಸಮಸ್ಯೆಯಿಂದ. ವಿದ್ಯಾರ್ಥಿಗೆ ಫೈನಲ್ ಇಯರ್ ಪ್ರಾಜೆಕ್ಟು ಬೇಕು. ನೌಕರಿಯವನಿಗೆ ರೆಸ್ಯುಮೆಗೆ ಒಂದು ಸಾಲು ಬೇಕು. ಸ್ಟಾರ್ಟಪ್ಪಿನವನಿಗೆ ಹೂಡಿಕೆ ಬೇಕು, ಹೂಡಿಕೆ ಮಾಡೋನಿಗೆ ಈ ವರ್ಷ ಯಾವ ಪದ ಓಡ್ತಿದೆಯೋ ಆ ಪದ ಬೇಕು. ಈ ಬೇಕುಗಳ ಮೇಲೆ ರೈತ, ನೇಕಾರ, ರೋಗಿ ಅಂತ ಒಂದು ಹೆಸರು ಅಂಟಿಸ್ತೀವಿ, ಬಾಕ್ಸಿಗೆ ಕ್ಯೂಆರ್ ಕೋಡು ಅಂಟಿಸಿದ ಹಾಗೆ. ಒಳಗೆ ಏನಿದೆ ಅಂತ ಯಾರೂ ತೆಗೆದು ನೋಡಲ್ಲ.

ತಂತ್ರಜ್ಞಾನದಿಂದ ಶುರು ಮಾಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. 1960ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರ್ ಉರಿಸಿದಾಗ, ಪರಿಹಾರ ಸಿಕ್ಕಿದೆ, ಸಮಸ್ಯೆ ಹುಡುಕಬೇಕಷ್ಟೇ ಅಂತ ತಮಾಷೆ ಮಾಡಿದರು. ಇವತ್ತು ಕಣ್ಣಿನ ಆಸ್ಪತ್ರೆಯಿಂದ ಹಿಡಿದು ಇಂಟರ್ನೆಟ್ ಕೇಬಲ್‌ವರೆಗೆ ಅದೇ ಇದೆ. ಬ್ಲಾಕ್‌ಚೈನಿನಲ್ಲೂ ಬೆಲೆಯನ್ನ ಡಾಲರಿಗೆ ಕಟ್ಟಿದ ಸ್ಟೇಬಲ್‌ಕಾಯಿನ್ ಅನ್ನೋ ಡಿಜಿಟಲ್ ದುಡ್ಡು ಮೊದಮೊದಲು ಕ್ರಿಪ್ಟೋ ವ್ಯಾಪಾರಿಗಳ ಅನುಕೂಲಕ್ಕೆ ಬಂದದ್ದು. ಆಮೇಲೆ ಅರ್ಜೆಂಟೀನಾದಂಥ ಕಡೆ, ಸ್ವಂತ ದೇಶದ ದುಡ್ಡು ದಿನಾ ಕರಗೋದನ್ನ ನೋಡಿದ ಜನ ತಾವಾಗಿಯೇ ಅದನ್ನ ಹುಡುಕಿಕೊಂಡು ಬಂದರು. ಯಾರೂ ಅವರ ಅಂಗಳದಲ್ಲಿ ಚಾಪೆ ಹಾಸಿ ಡೆಮೊ ತೋರಿಸಲಿಲ್ಲ. ಆಡುತ್ತಾ ಕಲಿಯಿರಿ, ಸುಮ್ನೆ ಖುಷಿಗೆ ಬರೆಯಿರಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನನಗೆ ಈಗ ಸಿಟ್ಟು ಬರೋದು ಇನ್ನೊಬ್ಬರ ಅಂಗಳಕ್ಕೆ ಹೋಗಿ ನಿಮ್ಮ ಸಮಸ್ಯೆ ಇದು ಅಂತ ನಾವೇ ಹೇಳಿಕೊಡೋದನ್ನ ನೋಡಿದರೆ. ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಹಾಂ, ನಂಬಿಕೆಯೇ ಬೇಡ, ಕೋಡು ಸಾಕು ಅನ್ನೋರಿಗೆ ಒಂದು ಮಾತು. 2016ರ ಜೂನಿನಲ್ಲಿ ಎಥೀರಿಯಂ ಮೇಲಿದ್ದ ದಿ ಡಾವೋ ಅನ್ನೋ ಫಂಡಿನ ಕೋಡಿನಲ್ಲಿ ಒಂದು ತೂತು ಸಿಕ್ಕಿ ಸುಮಾರು 36 ಲಕ್ಷ ಈಥರ್ (ಎಥೀರಿಯಂನ ದುಡ್ಡು) ಸೋರಿಹೋಯಿತು. ಆಗ ಏನು ಮಾಡಿದರು? ಕೂತು ಪಂಚಾಯಿತಿ ಮಾಡಿದರು. ವಾರಗಟ್ಟಲೆ ವಾದ ಆಯಿತು, ಜುಲೈನಲ್ಲಿ ಲೆಡ್ಜರನ್ನೇ ತಿದ್ದಿ ದುಡ್ಡು ವಾಪಸ್ ಕೊಡಿಸಿದರು. ಒಪ್ಪದವರು ಎಥೀರಿಯಂ ಕ್ಲಾಸಿಕ್ ಅಂತ ಬೇರೆ ಮನೆ ಮಾಡಿದರು. ನಮ್ಮ ಊರ ಕಟ್ಟೆಯ ಮೇಲೆ ಆಗೋದೂ ಹೆಚ್ಚುಕಮ್ಮಿ ಹೀಗೇ.

ಇಷ್ಟೆಲ್ಲಾ ಹ್ಯಾಕಥಾನಿನಲ್ಲಿ ಹೇಳಲಿಲ್ಲ, ಹತ್ತು ನಿಮಿಷ ಮುಗಿದಿತ್ತು. ಉತಾರದ ತಂಡಕ್ಕೆ ಹೇಳಿದ್ದು ಇಷ್ಟೇ. ನಮ್ಮ ರಾಜ್ಯದಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿ ಇಪ್ಪತ್ತು ವರ್ಷದ ಮೇಲಾಯಿತು. ಈಗ ಜನ ಯಾಕೆ ಅಲೆಯುತ್ತಾರೆ ಅಂತ ನೋಡಿ. ಅಜ್ಜ ತೀರಿಕೊಂಡು ಮೂವತ್ತು ವರ್ಷ ಆಗಿರುತ್ತೆ, ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ. ಅಣ್ಣತಮ್ಮಂದಿರ ನಡುವೆ ವಾಟ್ನಿ (ಪಾಲು) ಆಗಿಲ್ಲ, ವಾರಸಾ (ವಾರಸುದಾರರ ಹೆಸರು) ಹಚ್ಚಿಲ್ಲ. ಅದನ್ನ ಹಾಗೇ ಬ್ಲಾಕ್‌ಚೈನ್ ಮೇಲೆ ಇಟ್ಟರೆ ಅಜ್ಜನ ಹೆಸರು ಇನ್ನೂ ಗಟ್ಟಿ ಆಗುತ್ತೆ. ಇನ್ನೊಂದು, ನಮ್ಮಲ್ಲಿ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗೋದು ಖರೀದಿ ಪತ್ರ, ಹೊಲ ಇವರದೇ ಅನ್ನೋ ಗ್ಯಾರಂಟಿ ಅಲ್ಲ. ಆ ಗ್ಯಾರಂಟಿಯನ್ನ ಕೋಡು ಎಲ್ಲಿಂದ ತರುತ್ತೆ? ಎರಡು ದಿನ ನಾಡಕಚೇರಿಗೆ ಹೋಗಿ ಸುಮ್ನೆ ಕೂತು ಬನ್ನಿ, ಲ್ಯಾಪ್‌ಟಾಪ್ ಒಯ್ಯಬೇಡಿ ಅಂದೆ. ಬಹುಮಾನ ಮೆಸ್ಸಿನ ತಂಡಕ್ಕೆ ಹೋಯಿತು.

ಹುಡುಗರು ಹೋಗಲ್ಲ ಅಂದುಕೊಂಡಿದ್ದೆ. ಮೊನ್ನೆ ಆ ಹುಡುಗಿ ಫೋನ್ ಮಾಡಿದ್ದಳು. ಎರಡಲ್ಲ, ಮೂರು ದಿನ ಕೂತಿದ್ದರಂತೆ. ಕೌಂಟರಿಗೆ ಬಂದವರಲ್ಲಿ ಬಹಳ ಜನರದ್ದು ಹೆಸರಿನ ಗೋಳು. ಉತಾರದಲ್ಲಿ ಮಲ್ಲಪ್ಪ, ಆಧಾರಿನಲ್ಲಿ ಮಲ್ಲೇಶಪ್ಪ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರು ಮುಂದೆ, ಅಡ್ಡಹೆಸರು ಇಲ್ಲವೇ ಇಲ್ಲ. ಒಬ್ಬ ಅಜ್ಜ ಬೆಳೆ ಪರಿಹಾರಕ್ಕೆ ಅಂತ ನಾಲ್ಕನೇ ಸಲ ಬಂದಿದ್ದರಂತೆ. ಮೂರೂ ಕಾಗದದ ಫೋಟೋ ತೆಗೆದರೆ ಎಲ್ಲಿ ತಪ್ಪಿದೆ, ಅದನ್ನ ಸರಿಮಾಡಿಸೋಕೆ ಯಾವ ಅರ್ಜಿ, ಅದರ ಜೊತೆ ಏನೇನು ಹಚ್ಚಬೇಕು ಅಂತ ಕನ್ನಡದಲ್ಲಿ ಹೇಳೋ ಒಂದು ಸಣ್ಣ ಸಾಧನ ಮಾಡ್ತಿದ್ದಾರೆ. ಅಜ್ಜನ ಕಾಗದಗಳ ಮೇಲೆ ಹಚ್ಚಿ ನೋಡಿದರಂತೆ, ಓಡಿದೆ. ಅವಳ ದನಿಯಲ್ಲಿ ಹ್ಯಾಕಥಾನ್ ದಿನ ಇಲ್ಲದ ಹುರುಪು ಇತ್ತು.

ಫೋನ್ ಇಡೋ ಮೊದಲು ಸ್ವಲ್ಪ ತಡೆದು ಕೇಳಿದಳು, "ಸರ್, ಇದರಾಗ ಬ್ಲಾಕ್‌ಚೈನ್ ಎಲ್ಲೂ ಬರಂಗಿಲ್ರಿ. ಗೈಡ್ ಕಡೆ ಫೈನಲ್ ಇಯರ್ ಪ್ರಾಜೆಕ್ಟ್ ಟೈಟಲ್ ಆಗಲೇ ಅಪ್ರೂವ್ ಆಗೇತಿ. ಮಾರ್ಕ್ಸ್ ಕೊಡ್ತಾರೋ ಇಲ್ಲೋ?"